ಆಟೋಪೇ ಕಾಕಾ

ಕಲಬುರಗಿಯಿಂದ ಸೇಡಂಗೆ ಹೊರಟ ಬಸ್ಸು ಗುಂಡಗುರ್ತಿಯಲ್ಲಿ ನಿಂತಾಗ ಚಹಾದಂಗಡಿಯ ಕಡೆ ಒಮ್ಮೆ ಕಣ್ಣು ಹಾಯಿಸಿ. ಬಲಗೈಯಲ್ಲಿ ಬಸಿ, ಎಡಗೈಯಲ್ಲಿ ಫೋನು, ಚಹಾ ಆರಿ ಕೆನೆ ಕಟ್ಟಿದರೂ ಫೋನಿನಿಂದ ಕಣ್ಣು ಕೀಳದ ಒಬ್ಬ ಹಿರಿಯರು ಕಂಡರೆ ಅವರೇ ನಮ್ಮ ಆಟೋಪೇ ಕಾಕಾ. ಅವರಿಗೆ ತಂದೆತಾಯಿ ಇಟ್ಟ ಹೆಸರೊಂದಿದೆ, ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ. ಊರಿಗೆ ಅದು ಮರೆತು ಹೋಗಿ ಬಹಳ ದಿನವಾಯಿತು. ಇಂಥವರು ವಾಡಿಯಲ್ಲೂ ಇದ್ದಾರೆ, ಶಹಾಬಾದಿನಲ್ಲೂ ಇದ್ದಾರೆ. ಚಿತ್ತಾಪುರದವರು ತಮ್ಮಲ್ಲಿ ಇಬ್ಬರಿದ್ದಾರೆಂದು ಹೇಳಿಕೊಳ್ಳುತ್ತಾರೆ, ತಾಲೂಕು ಕೇಂದ್ರ ನೋಡಿ.

ಕಾಕಾ ಸಿಮೆಂಟ್ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ನೌಕರಿ ಮುಗಿಸಿ ಬಂದವರು. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಯಾರು ಎಷ್ಟು ಗಂಟೆಗೆ ಹೊರಗೆ ಬಿದ್ದರು ಎಂದು ಬರೆದು ಬರೆದೇ ಕೂದಲು ಬೆಳ್ಳಗಾದದ್ದು. ನಿವೃತ್ತಿಯಾದ ಮೇಲೆ ಹಾಜರಿ ಹಾಕಲು ಮನೆಯಲ್ಲಿ ಕಾಕಿಯೊಬ್ಬರೇ ಉಳಿದರು, ಅವರು ಈ ಕಾಕಾನ ರಿಜಿಸ್ಟರಿಗೆ ಬಗ್ಗುವವರಲ್ಲ. ಹಾಗೆ ದಿನ ದೂಡುತ್ತಿದ್ದಾಗ ಹೈದರಾಬಾದಿನ ಮಗ ದೀಪಾವಳಿಗೆ ಬಂದ. "ಅಪ್ಪಾ, ಬಿಸಲಾಗ ಲೈನ್ ಹಚ್ಚಿ ಬಿಲ್ ಕಟ್ಟೋದು ಸಾಕು. ಎಲ್ಲಾ ಆಟೋಪೇ ಮಾಡಿಕೊಟ್ಟು ಹೋಗ್ತೀನಿ. ತಾನೇ ಕಟ್ ಆಗ್ತದ, ನೀವು ಆರಾಮ ಇರ್ರಿ" ಅಂದ. ಮಾಡಿಕೊಟ್ಟೂ ಹೋದ. ಕಾಕಾನ ಆರಾಮ ಹೋದದ್ದು ಅಂದಿನಿಂದಲೇ.

ಮೊದಲೆಲ್ಲ ತಿಂಗಳಿಗೊಂದು ದಿನ ಕರೆಂಟ್ ಬಿಲ್ಲಿನ ಸಾಲಿನಲ್ಲಿ ನಿಂತರೆ ತಿಂಗಳ ಚಿಂತೆ ಮುಗಿಯುತ್ತಿತ್ತು. ಈಗ ಅವರ ಬಳಿ ಉದ್ದನೆಯ ಡೈರಿ. ಎಲ್‌ಐಸಿ ಹಪ್ತಾ ಯಾವ ತಾರೀಕು, ಮೋಟಾರ್ ಸೈಕಲ್ಲಿನ ಕಂತು ಯಾವ ತಾರೀಕು, ಡಿಶ್ ಯಾವಾಗ, ಮೊಬೈಲ್ ಯಾವಾಗ, ಕೆಂಪು ಪೆನ್ನಿನಲ್ಲಿ ಕಟ್ ಆದದ್ದು, ನೀಲಿ ಪೆನ್ನಿನಲ್ಲಿ ಕಟ್ ಆಗಬೇಕಾದದ್ದು. ಹಿಂದಿನ ದಿನ ಖಾತೆಯಲ್ಲಿ ರೊಕ್ಕ ಇದೆಯೋ ಇಲ್ಲವೋ ಎಂದು ಮುಂಜಾನೆ ಒಮ್ಮೆ, ಊಟವಾದ ಮೇಲೆ ಒಮ್ಮೆ ನೋಡುವುದು. ನಡುವೆ ಖಾತೆಗೆ ಯಾರು ಕೈ ಹಾಕುತ್ತಾರೆಂದು ಕೇಳಿದರೆ, "ಎಟಿಎಂ ಕಾರ್ಡಿನ ವರ್ಷದ ಫೀ, ಎಸ್‌ಎಂಎಸ್ ಚಾರ್ಜು, ಅದರ ಮ್ಯಾಲ ಜಿಎಸ್‌ಟಿ. ಹತ್ತು ರೂಪಾಯಿ ಕಡಿಮಿ ಬಿತ್ತಂದ್ರ ಇಡೀ ಹಪ್ತಾ ವಾಪಸ್ ಹೋಗ್ತದ ತಮ್ಮಾ, ಅರ್ಧಾ ತೊಗೊಳ್ಳೋ ಪದ್ಧತಿ ಅವರಾಗ ಇಲ್ಲ" ಎನ್ನುತ್ತಾರೆ. ಈ ಮಾತು ನಿಜ. ವಾಪಸಾದರೆ ಬ್ಯಾಂಕಿನ ದಂಡ ಬೇರೆ, ಕಂಪನಿಯ ದಂಡ ಬೇರೆ.

ಕಾಕಾನ ಪ್ರಕಾರ ಆಟೋದಲ್ಲಿ ಎರಡು ಜಾತಿ. ಒಂದು ಹಳೆಯದು, ಕಾಗದದ ಮೇಲೆ ಸಹಿ ಹಾಕಿ ಕೊಡುವುದು. ಅದನ್ನು ನಾಚ್ ಎನ್ನುತ್ತಾರೆ. ಅಂಥ ಪ್ರತಿ ಒಪ್ಪಿಗೆಗೂ ಇಪ್ಪತ್ತು ಅಕ್ಷರ-ಅಂಕಿಗಳ ಒಂದು ನಂಬರು ಬೀಳುತ್ತದೆ. ತಮ್ಮ ಮೋಟಾರ್ ಸೈಕಲ್ ಸಾಲದ ಆ ನಂಬರು ಕಾಕಾಗೆ ಬಾಯಿಪಾಠ. ಮೊಮ್ಮಗಳ ಹುಟ್ಟಿದ ದಿನ ಮಾತ್ರ ಪ್ರತಿ ವರ್ಷ ಕಾಕಿಯೇ ನೆನಪಿಸಬೇಕು. ಎರಡನೆಯದು ಯುಪಿಐನದು, 2020ರ ಜುಲೈಯಲ್ಲಿ ಬಂದದ್ದು. ಒಮ್ಮೆ ಪಿನ್ ಒತ್ತಿ ಒಪ್ಪಿಗೆ ಕೊಟ್ಟರಾಯಿತು, ಮುಂದೆ ತಿಂಗಳಾ ತಿಂಗಳ ತಾನೇ ಹೋಗುತ್ತದೆ. ಹದಿನೈದು ಸಾವಿರದ ಒಳಗಿದ್ದರೆ ಮತ್ತೆ ಪಿನ್ ಕೇಳುವುದಿಲ್ಲ. ಆದರೆ ಕಟ್ ಆಗುವ 24 ಗಂಟೆ ಮೊದಲು ತಿಳಿಸಲೇಬೇಕೆಂದು ರಿಸರ್ವ್ ಬ್ಯಾಂಕಿನ ಕಟ್ಟಪ್ಪಣೆ. ಬೇಡವಾದರೆ ಅಷ್ಟರೊಳಗೆ ಹಿಂತೆಗೆದುಕೊಳ್ಳಬಹುದು. ಈ 24 ಗಂಟೆಗಳೇ ಕಾಕಾನ ಪ್ರಾಣ ಹಿಂಡುವುದು. ಮೆಸೇಜು ಬಂದ ಕ್ಷಣದಿಂದ ಹಣ ಹೋಗುವ ತನಕ ಅವರು ಯಾರ ಜೊತೆಗೂ ಪೂರ್ತಿ ಮಾತಾಡುವುದಿಲ್ಲ.

ಒಪ್ಪಿಗೆ ಕೊಡುವಾಗ ಗರಿಷ್ಠ ಮೊತ್ತ ಅಂತ ಒಂದು ಕಾಲಮ್ಮಿದೆ. ಮೊಬೈಲ್ ಬಿಲ್ಲು ಮುನ್ನೂರು ಬಂದರೂ ಮಗ ಅಲ್ಲಿ ಎರಡು ಸಾವಿರ ತುಂಬಿ ಹೋಗಿದ್ದ, ಮುಂದೆ ಬಿಲ್ಲು ಹೆಚ್ಚಿದರೆ ಇರಲಿ ಅಂತ. ಕಾಕಿ ಅದನ್ನು ನೋಡಿಬಿಟ್ಟರು. "ಮೊಬೈಲಿಗಿ ತಿಂಗಳಾ ಎರಡು ಸಾವಿರ ಸುರೀತೀರೇನ್ರಿ? ಯಾರ ಜೋಡಿ ಮಾತಾಡ್ತೀರಿ ಅಷ್ಟು?" ಎರಡು ಸಾವಿರ ಎಂಬುದು ಬೇಲಿ, ಅದರೊಳಗೆ ಬಿಲ್ಲಿನಷ್ಟೇ ಹೋಗುತ್ತದೆ ಎಂದು ಕಾಕಾ ಪಟ್ಟಿ ಬರೆದು ತೋರಿಸಿದರು. ಬೇಲಿ ಅಷ್ಟು ದೂರ ಯಾಕೆ ಹಾಕಿದಿರಿ ಎಂಬ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಒಂದು ಕಾಲದಲ್ಲಿ ಭಾನುವಾರವಾದರೂ ಕಾಕಾ ಮನುಷ್ಯರಾಗಿರುತ್ತಿದ್ದರು. ಬ್ಯಾಂಕಿಗೆ ರಜೆ, ನಾಚ್‌ಗೂ ರಜೆ. 2021ರ ಆಗಸ್ಟ್ 1ರಿಂದ ನಾಚ್ ವಾರದ ಏಳೂ ದಿನ ನಡೆಯತೊಡಗಿತು. ಅಂದು ಭಾನುವಾರವೇ ಇತ್ತು. ಕಾಕಾ ಅದನ್ನು ವೈಯಕ್ತಿಕವಾಗಿ ತೆಗೆದುಕೊಂಡರು. ಆಮೇಲೆ 2025ರ ಆಗಸ್ಟ್ 1ರಿಂದ ಇನ್ನೊಂದು ನಿಯಮ: ಯುಪಿಐ ಜಾಲಕ್ಕೆ ಗದ್ದಲದ ಹೊತ್ತಿನಲ್ಲಿ ಭಾರವಾಗಬಾರದೆಂದು ಆಟೋಪೇಗಳೆಲ್ಲ ಮುಂಜಾನೆ ಹತ್ತರೊಳಗೆ, ಇಲ್ಲವೇ ಮಧ್ಯಾಹ್ನ ಒಂದರಿಂದ ಐದು, ಇಲ್ಲವೇ ರಾತ್ರಿ ಒಂಬತ್ತೂವರೆ ಮೇಲೆ. ಟೈಮ್ ಆಫೀಸಿನ ಮನುಷ್ಯನಿಗೆ ಮೂರು ಪಾಳಿ ಮತ್ತೆ ಸಿಕ್ಕಿತು. "ಫಸ್ಟ್ ಶಿಫ್ಟಿಗಿ ಬರಲಿಲ್ಲ, ಸೆಕೆಂಡಿಗಿ ಬರ್ತಾನ" ಎನ್ನುತ್ತ ಕಟ್ಟೆಯ ಮೇಲೆ ಕೂತು ಡಿಶ್ಶಿನ ದುಡ್ಡು ಹೋಗುವುದನ್ನು ಕಾಯುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವರ ಬಾಳಿನ ದೊಡ್ಡ ಪೆಟ್ಟು ಜೆಸ್ಕಾಂ ಬಿಲ್ಲಿನದು. ಆರ್‌ಆರ್ ನಂಬರು ಹುಡುಕಿ, ಖಾತೆಗೆ ಜೋಡಿಸಿ, ಎಲ್ಲ ಸಿದ್ಧ ಮಾಡಿ ಕೂತಿದ್ದರು. 2023ರ ಆಗಸ್ಟ್ 5ರಂದು ಮುಖ್ಯಮಂತ್ರಿಗಳು ಕಲಬುರಗಿಗೇ ಬಂದು ಗೃಹಜ್ಯೋತಿಗೆ ಚಾಲನೆ ಕೊಟ್ಟರು. ಇನ್ನೂರು ಯೂನಿಟ್‌ವರೆಗೆ ಕರೆಂಟ್ ಬಿಟ್ಟಿ. ಇಡೀ ಊರು ಖುಷಿಪಟ್ಟ ದಿನ ಕಾಕಾ ಸೊನ್ನೆ ಬಿಲ್ಲನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಷ್ಟು ಕಷ್ಟಪಟ್ಟು ಹಚ್ಚಿದ ಆಟೋಪೇಗೆ ಕಟ್ ಮಾಡಲು ಏನೂ ಇಲ್ಲ. ಅದಾದ ಮೇಲೆ ಹಿತ್ತಲಲ್ಲಿ ಹಗಲೂ ಬಲ್ಬು ಉರಿಯುತ್ತಿದೆ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ನಾನು ನಂಬುವುದಿಲ್ಲ. ಆದರೆ ಬಲ್ಬಂತೂ ಉರಿಯುತ್ತಿರುತ್ತದೆ.

ಪಂಚಾಯಿತಿ ಮನೆಕರಕ್ಕೂ ಆಟೋ ಮಾಡಿಕೊಡಿ ಎಂದು ಬಿಲ್ ಕಲೆಕ್ಟರನ ಬೆನ್ನು ಹತ್ತಿದ್ದರು. ಅವನು ರಸೀದಿ ಪುಸ್ತಕ ಮಡಚುತ್ತ, "ನಾನೇ ಆಟೋಪೇ ರೀ ಕಾಕಾ. ವರ್ಷಾ ತಾನೇ ಬರ್ತೀನಿ, ನೀವು ಇಲ್ಲಂದ್ರ ಮತ್ತ ಬರ್ತೀನಿ, ದಂಡ ಹಾಕಂಗಿಲ್ಲ" ಅಂದ.

ನನಗನ್ನಿಸುವುದು ಇಷ್ಟು. ಈ ವ್ಯವಸ್ಥೆ ಮಾಡಿದವರು ಒಂದನೇ ತಾರೀಕಿಗೆ ಸಂಬಳ ಎಣಿಸುವವರು. ನಮ್ಮ ಕಡೆ ರೊಕ್ಕ ಬರುವುದು ತೊಗರಿ ರಾಶಿಯಾಗಿ ಅಡತಿ ಅಂಗಡಿಯಲ್ಲಿ ಪಟ್ಟಿ ಆದಾಗ, ಅಂದರೆ ವರ್ಷಕ್ಕೊಮ್ಮೆ. ಹೋಗುವುದು ಮಾತ್ರ ತಿಂಗಳಾ ತಿಂಗಳ. ಮಳೆ ಕೈಕೊಟ್ಟ ವರ್ಷ ತೊಗರಿ ನೆಟೆ ಹೋದೀತು, ಹಪ್ತಾದ ತಾರೀಕು ನೆಟೆ ಹೋಗುವುದಿಲ್ಲ. ಗ್ರಾಮೀಣ ಬ್ಯಾಂಕನ್ನೇ ನೋಡಿ, ಕೃಷ್ಣಾ ಎಂದಿದ್ದದ್ದು 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಹೆಸರಿನಲ್ಲಿ ಕರ್ನಾಟಕ ಬಂತು, 2025ರಲ್ಲಿ ವಿಕಾಸವೂ ಬಂದು ಕೂಡಿಕೊಂಡಿತು. ಬ್ಯಾಂಕಿನ ಬೋರ್ಡು ಅಷ್ಟು ಸಲ ಬದಲಾದರೂ ಕಾಕಾನ ಹಪ್ತಾದ ಐದನೇ ತಾರೀಕು ಒಮ್ಮೆಯೂ ಆರಕ್ಕೆ ಸರಿಯಲಿಲ್ಲ.

ಎಳ್ಳ ಅಮಾಸಿಯ ದಿನ ಅವರನ್ನು ಹೊಲದಲ್ಲಿ ನೋಡಬೇಕಿತ್ತು. ಬನ್ನಿ ಗಿಡದ ಕೆಳಗೆ ಸಜ್ಜಿ ರೊಟ್ಟಿ, ಭಜ್ಜಿ, ಎಳ್ಳ ಹೋಳಿಗೆ ಬಿಚ್ಚಿಟ್ಟಾಗಿತ್ತು. ಕಾಕಾ ಹೆಗಲಿಗೆ ಟವೆಲ್ ಹಾಕಿಕೊಂಡು ಚರಗ ಚೆಲ್ಲಲು ಹೊರಟರು. ಹೂ ಕಾಯಿ ತುಂಬಿ ನಿಂತ ತೊಗರಿ ಸಾಲಿನ ನಡುವೆ ಒಂದು ಕೈ ಚರಗ ಚೆಲ್ಲುತ್ತಿದೆ, ಇನ್ನೊಂದು ಕೈ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದಿದೆ. ಅಂದು ಹಪ್ತಾದ ದಿನ, ಅಲ್ಲಿ ನೆಟ್‌ವರ್ಕ್ ಇಲ್ಲ. ರೊಕ್ಕ ಕಟ್ ಆಗಲು ಕಾಕಾನ ಫೋನಿಗೆ ನೆಟ್‌ವರ್ಕ್ ಬೇಕಿಲ್ಲ, ಅದು ಅಲ್ಲಿಂದಲ್ಲಿಗೇ ಹೋಗುತ್ತದೆ ಎಂದು ಹುಡುಗರು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಬದುವಿನ ಮೇಲೆ ಹತ್ತಿ ನಿಂತಾಗ ಟಿಣ್ ಅಂತು. ಕಾಕಾ ಉಳಿದ ಚರಗವನ್ನೆಲ್ಲ ಒಂದೇ ಸಲ ಅಲ್ಲೇ ಸುರಿದು ಊಟಕ್ಕೆ ಬಂದರು. ಆ ಬದುವಿನ ಹತ್ತಿರದ ಎರಡು ಗಿಡಕ್ಕೆ ಆ ವರ್ಷ ಕಾಯಿ ಜಾಸ್ತಿ ಎಂದು ಈಗಲೂ ವಾದಿಸುತ್ತಾರೆ.

ಇಷ್ಟಿದ್ದೂ ಊರಿಗೆ ಅವರು ಬೇಕು. ಯಾರ ಖಾತೆಯಲ್ಲಿ ಏನು ಹರಿದರೂ ಫೋನು ಮೊದಲು ಬರುವುದು ಕಾಕಾನ ಕಟ್ಟೆಗೆ. ಕಂತು ತಪ್ಪಿಸುವ ಹುಡುಗರಿಗೆ ಅವರು ಪಾವತಿ ವ್ಯವಸ್ಥೆಗಳ 2007ರ ಕಾಯಿದೆಯ 25ನೇ ಕಲಮು ಹೇಳಿ ಹೆದರಿಸುತ್ತಾರೆ: ಚೆಕ್ ಬೌನ್ಸ್ ಆದಂತೆಯೇ ಇದೂ, ಎರಡು ವರ್ಷದತನಕ ಜೈಲು, ಇಲ್ಲವೇ ಮೊತ್ತದ ಎರಡು ಪಟ್ಟು ದಂಡ, ಇಲ್ಲವೇ ಎರಡೂ. ಹುಡುಗರು ಚಹಾದ ಬಿಲ್ಲನ್ನು ಕಾಕಾನ ಲೆಕ್ಕಕ್ಕೆ ಬರೆಸಿ ಎದ್ದು ಹೋಗುತ್ತಾರೆ. ಆ ಉದ್ರಿ ಮಾತ್ರ ಆಟೋ ಅಲ್ಲ, ಅಂಗಡಿಯವ ನೆನಪಿಸಿ ನೆನಪಿಸಿ ವಸೂಲಿ ಮಾಡಬೇಕು.

ಮೊನ್ನೆ ಜೂನಿನಲ್ಲಿ ಕಾಕಿಯ ಪಾಸ್‌ಬುಕ್ ಪ್ರಿಂಟ್ ಆಗಿ ಬಂತು. ಗೃಹಲಕ್ಷ್ಮಿಯ ಎರಡು ಸಾವಿರದ ಕೆಳಗೆ ಇಪ್ಪತ್ತು ರೂಪಾಯಿ ಹೋದ ಸಾಲೊಂದು. ಕಾಕಿ ಬೆರಳಿಟ್ಟರು.

"ಇದೇನ್ರಿ, ನನ್ನ ರೊಕ್ಕದಾಗ ಕೈ ಹಾಕಿದವರು ಯಾರು?"

"ಸುರಕ್ಷಾ ಬಿಮಾದ್ದು. ಮೊದಲು ಹನ್ನೆರಡಿತ್ತು, 2022ಕ್ಕ ಇಪ್ಪತ್ತು ಮಾಡ್ಯಾರ. ಪ್ರತಿ ವರ್ಷ ಮೇ ತಿಂಗಳ ಕಡೀಗಿ ತಾನೇ ಕಟ್ ಆಗ್ತದ. ನೀನೇ ಸಹಿ ಮಾಡಿದ್ದಿ."

"ಅದರಿಂದ ಏನ್ ಬರ್ತದ?"

"ಎರಡು ಲಕ್ಷ."

ಕಾಕಿ ಕನ್ನಡಕ ಸರಿಮಾಡಿಕೊಂಡರು. "ಯಾವಾಗ?"

"ಅಪಘಾತದಾಗ ಸತ್ತರ."

"ಅದೂ ತಾನೇ ಬರ್ತದೇನು?"

"ಇಲ್ಲ. ಅದಕ್ಕ ಫಾರಂ ತುಂಬಿ, ಕಾಗದಾ ಹಚ್ಚಿ, ಬ್ಯಾಂಕಿಗಿ ಕೊಡಬೇಕು."

"ಯಾರು, ನಾನು?"

"ನೀನ್ಹೆಂಗ ಕೊಡ್ತಿ? ನಾಮಿನಿ ಕೊಡಬೇಕು."

"ನಾಮಿನಿ ಯಾರು?"

ಕಾಕಾ ಡೈರಿಯ ಹಾಳೆ ತಿರುವಿದರು, ಗಂಟಲು ಸರಿಮಾಡಿಕೊಂಡರು. "ನಾನೇ."

"ಹಂಗಾದ್ರ ಆ ಇಪ್ಪತ್ತು ರೂಪಾಯಿ ಮುಂದಿನ ವರ್ಷದಿಂದ ನಿಮ್ಮ ಖಾತೆದಾಗ ಕಟ್ ಆಗ್ಲಿ" ಅಂದು ಕಾಕಿ ಪಾಸ್‌ಬುಕ್ ಮಡಚಿ ಸೊಂಟಕ್ಕೆ ಸಿಗಿಸಿಕೊಂಡರು.