ಬ್ಲೇಡು ಹಿಂದಿಂದೋ ಮುಂದಿಂದೋ

ಭರತ ಹುಣ್ಣಿಮೆ ಜಾತ್ರೆ ಮುಗಿದು ಮೈಲಾರಕ್ಕೆ ಬಂದ ಬಂಡಿ, ಟ್ರ್ಯಾಕ್ಟರುಗಳೆಲ್ಲ ತಮ್ಮ ತಮ್ಮ ಊರು ಸೇರಿದವು. ಗೊರವಯ್ಯ ನುಡಿದ ಕಾರ್ಣಿಕ ಮಳೆಗೆ ಹೆಂಗೆ, ಬೆಳೆಗೆ ಹೆಂಗೆ ಅಂತ ನಾಲ್ಕು ದಿನ ಅರ್ಥ ಹಚ್ಚಿದ್ದೂ ಆಯಿತು. ಇನ್ನು ಮುಂಗಾರಿನ ತನಕ ಹೊಲ ಖಾಲಿ. ಒಡ್ಡು ಹಾಕೋದು, ಕೊರಕಲು ಮುಚ್ಚೋದು, ಕೆರೆ ಹೂಳು ಹೊಡೆಯೋದು, ಮಣ್ಣಿನ ಕೆಲಸ ಏನಿದ್ದರೂ ಈ ಮೂರು ತಿಂಗಳಲ್ಲೇ ಆಗಬೇಕು. ಮೊನ್ನೆ ಸಂಜೆ ಪಕ್ಕದ ಹೊಲದವರು ಬದುವಿಗೆ ಬಂದು ಕೂತರು.

"ಟ್ರ್ಯಾಕ್ಟರಿಗೆ ಒಂದು ಬ್ಲೇಡು ತರಬೇಕಂತ ಮಾಡೀನಿ. ಹಿಂದಿಂದು ತರ್ಲೋ, ಮುಂದಿಂದು ತರ್ಲೋ?"

ಅವರದು 45 ಎಚ್‌ಪಿ ಗಾಡಿ. ಯಾವುದನ್ನು ಕಟ್ಟಿದರೂ ಎಳೆಯುತ್ತದೆ. ನಾನು ಕೇಳಿದ್ದು ಇಷ್ಟೇ: "ಮಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕು?"

ಹತ್ತಿಪ್ಪತ್ತು ಅಡಿ ಸರಿಸಬೇಕು, ಸುರಿದ ಗುಡ್ಡೆ ಹರವಬೇಕು, ಒಡ್ಡಿಗೆ ಮಣ್ಣು ಏರಿಸಬೇಕು ಅಂದರೆ ಹಿಂದಿನ ಬ್ಲೇಡು ಸಾಕು. ಅದರಾಚೆ ನೂರಡಿ ಒಯ್ಯಬೇಕಾದರೆ ಬ್ಲೇಡಿನ ಎರಡೂ ತುದಿಯಿಂದ ಮಣ್ಣು ಸೋರಿ ಹೋಗುತ್ತದೆ. ಅದಕ್ಕೆ ಪಕ್ಕೆ ಇರುವ ಡಬ್ಬಿ ಲೆವೆಲರ್ ಬೇಕು. ಕೆರೆಯಿಂದ ಹೊಲಕ್ಕೆ ಅಂದರೆ ಟ್ರೇಲರೇ ಗತಿ, ಡೀಸೆಲ್ ಸುಟ್ಟು ಬ್ಲೇಡಿನಲ್ಲಿ ತಳ್ಳಿಕೊಂಡು ಹೋಗೋ ಮಾತಲ್ಲ. ಹಿಂದಿನದನ್ನೇ ತರೋದಾದರೆ ಮೊದಲು ಹಿಂದಿನ ಗಾಲಿಗಳ ಹೊರಅಂಚಿನಿಂದ ಹೊರಅಂಚಿಗೆ ಟೇಪು ಹಿಡಿದು ಅಳೀರಿ ಅಂದೆ. 7 ಅಡಿ ಬ್ಲೇಡನ್ನು 45 ಡಿಗ್ರಿ ಓರೆ ಮಾಡಿದರೆ ಅದು ಸವರೋದು 5 ಅಡಿ ಮಾತ್ರ. ಗಾಲಿಯ ಅಗಲಕ್ಕಿಂತ ಅದು ಕಡಿಮೆ ಬಿತ್ತೋ, ಗಾಲಿ ತುಳಿದ ಜಾಡು ಹಂಗೇ ಉಳೀತದೆ.

ಮುಂದಿನ ಡೋಜರ್ ಮೇಲೆ ಅವರಿಗೆ ಆಸೆ. ನೋಡೋಕೆ ಗತ್ತು, ಗುಡ್ಡೆ ತಳ್ಳೋಕೆ ಬಲ, ಖರೆ. ಆದರೆ ಮಟ್ಟ ಮಾಡೋಕೆ ಅಲ್ಲ. ಮುಂದಿನ ಗಾಲಿ ಒಂದು ತಗ್ಗಿಗೆ ಇಳಿದರೆ ಅದರ ಮುಂದಿರೋ ಬ್ಲೇಡು ಇನ್ನೂ ಆಳಕ್ಕೆ ಇಳಿದು ಗುಂಡಿ ತೋಡುತ್ತದೆ. ಎರಡು ಮಾರು ಮುಂದೆ ಹೋದರೆ ಅದೇ ಗುಂಡಿಗೆ ಗಾಲಿ ಬೀಳುತ್ತದೆ. ಹೊಲ ಬಟ್ಟೆ ಒಗೆಯೋ ಕಲ್ಲಿನಂಗೆ ಅಲೆ ಅಲೆ ಆಗುತ್ತದೆ. ಹಿಂದಿನ ಬ್ಲೇಡಿಗೂ ಈ ರೋಗ ಇದೆ: ಮುಂದಿನ ಗಾಲಿ ದಿಬ್ಬ ಹತ್ತಿದಾಗ ಹಿಂದೆ ಬ್ಲೇಡು ಕೆಳಗೆ ಕಚ್ಚುತ್ತದೆ. ಎತ್ತುಗಳ ಹಿಂದೆ ಉದ್ದನೆ ಕೊರಡು ಎಳೆಸುತ್ತಿದ್ದ ನಮ್ಮ ಹಿರಿಯರ ಕೆಲಸ ಯಾಕೆ ಅಷ್ಟು ಹಸನು ಅಂದರೆ, ಕೊರಡು ಉದ್ದಕ್ಕೆ ನೆಲದ ಮೇಲೆ ಮಲಗಿ ಉಬ್ಬು ತಗ್ಗನ್ನೆಲ್ಲ ಒಟ್ಟಿಗೆ ಸವರುತ್ತಿತ್ತು. ತನ್ನದೇ ಗಾಲಿ ಮೇಲೆ ಟ್ರ್ಯಾಕ್ಟರಿನ ಹಿಂದೆ ದೂರದಲ್ಲಿ ಓಡುವ ಬಕೆಟ್ ಲೆವೆಲರ್ ಮಾಡೋದೂ ಅದನ್ನೇ.

ಯಂತ್ರ ಯಾವುದೇ ಇರಲಿ, ಮೊದಲು ಕಲ್ಟಿವೇಟರ್ ಹೊಡೆದು ನೆಲ ಸಡಿಲ ಮಾಡಬೇಕು. ಕೆಂಪು ಮಸಾರಿಗೆ ಅಷ್ಟು ಸಾಕು. ಕಪ್ಪು ಎರಿ ಹೊಲ ಹಸಿ ಇದ್ದರೆ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಹೆಂಟೆ ಏಳುತ್ತದೆ. ಅದರ ಹದ ಬರೋದು ವರ್ಷಕ್ಕೆ ಎಂಟ್ಹತ್ತು ದಿನ.

ಇದನ್ನೆಲ್ಲ ಒತ್ತಿ ಹೇಳೋಕೆ ನನಗೊಂದು ಕಾರಣ ಇದೆ. ಕೆಲವು ವರ್ಷದ ಹಿಂದೆ ಬಾಡಿಗೆ ಗಾಡಿಯವನೊಬ್ಬನನ್ನು ಕರೆಸಿ ಮೇಲಿನ ಮೂಲೆ ಮಟ್ಟ ಮಾಡಿಸಿದೆ. ಅವನು ಗಂಟೆಗಟ್ಟಲೆ ಓಡಿಸಿದ, ನಾನು ನೆರಳಲ್ಲಿ ನಿಂತಿದ್ದೆ. ಸಂಜೆ ಹೋಗಿ ನೋಡಿದರೆ ಕೆಂಪು ಮಣ್ಣೆಲ್ಲ ಕೆಳಗಿನ ತಗ್ಗಿಗೆ ಹೋಗಿ, ಮೇಲೆ ಹತ್ತು ಗುಂಟೆ ಬರೀ ಗರಸು. ಕೈಯಲ್ಲಿ ಹಿಡಿದು ಹಿಂಡಿದರೆ ಒಂದು ಚೂರೂ ಅಂಟಲಿಲ್ಲ, ಬೆರಳ ಸಂದಿಯಿಂದ ಕಾಳಿನಂಗೆ ಉದುರಿತು. ಆ ವರ್ಷ ಅಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ನಿಂತು ಹಳದಿಗಟ್ಟಿತು. ಮೇಲ್ಮಣ್ಣನ್ನು ಮೊದಲು ಒಂದು ಕಡೆ ಎಳೆದು ಗುಡ್ಡೆ ಹಾಕಿ, ಕೆಳಗಿನದನ್ನು ಮಟ್ಟ ಮಾಡಿ, ಆಮೇಲೆ ಅದನ್ನೇ ತಿರುಗಿ ಹೊದಿಸಬೇಕಿತ್ತು. ಹಂಗೆ ಮಾಡಿದ್ದರೆ ಬಾಡಿಗೆ ಒಂದೂವರೆ ಪಟ್ಟು ಆಗುತ್ತಿತ್ತು, ಹೊಲ ಉಳೀತಿತ್ತು.

ತಪ್ಪು ತಿದ್ದೋಕೆ ಕೆರೆ ಹೂಳು ಹೊಡೆದೆ. ಅದರ ಲೆಕ್ಕ ನನಗೆ ಬಾಯಿಪಾಠ. ಒಂದು ಗುಂಟೆಗೆ ಒಂದಂಗುಲ ಮಣ್ಣು ಹರವಬೇಕಾದರೆ ಹತ್ತಿರ ಹತ್ತಿರ ಒಂದು ಬ್ರಾಸ್, ಅಂದರೆ ನೂರು ಘನ ಅಡಿ. ಎಕರೆಗಾದರೆ 36 ಬ್ರಾಸ್. ನನ್ನ ಹತ್ತು ಗುಂಟೆಗೆ ಎರಡಂಗುಲಕ್ಕೆ 18 ಬ್ರಾಸ್ ಬಿತ್ತು. ಎರಡು ಬೇಸಿಗೆ ಹೊಡೆದರೂ ಒಂದು ದಿನ ಕಳಕೊಂಡಷ್ಟು ಮಣ್ಣು ತಿರುಗಿ ಬರಲಿಲ್ಲ.

ನಮ್ಮ ಊರ ಪಕ್ಕದಲ್ಲೇ ಹರಿಯೋ ತುಂಗಭದ್ರೆ ನೋಡಿ. ಹೊಸಪೇಟೆ ಹತ್ತಿರದ ಆಣೆಕಟ್ಟು 1953ರಲ್ಲಿ 133 ಟಿಎಂಸಿ ನೀರು ಹಿಡೀತಿತ್ತು, ಈಗ ಹಿಡಿಯೋದು 105ರ ಆಸುಪಾಸು. ಉಳಿದ ಜಾಗದಲ್ಲಿ ಕೂತಿರೋದು ಮೇಲಿನ ಸೀಮೆಗಳ ಮಣ್ಣು, ಅದರಲ್ಲಿ ನಮ್ಮದೂ ಇದೆ. ಮಳೆನೀರಿನಷ್ಟು ಮಣ್ಣು ಸಾಗಿಸೋ ಯಂತ್ರ ಇನ್ನೂ ಯಾವ ಕಂಪನಿಯೂ ಮಾಡಿಲ್ಲ. ಅದಕ್ಕೇ ಬ್ಲೇಡಿಗೆ ಮೊದಲ ಕೆಲಸ ಒಡ್ಡು ಅನ್ನೋದು ನನ್ನ ಹಟ.

ಒಡ್ಡಿಗೂ ಇಳಿಜಾರು ಬೇಕು. ಬಳ್ಳಾರಿಯಲ್ಲಿ 1954ರಲ್ಲಿ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಆದ ಮೇಲೆ ಎರಿ ನೆಲದ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆದವು. ಎರಿಯಲ್ಲಿ ಸಮಮಟ್ಟದ ಒಡ್ಡು ಹಾಕಿದರೆ ನೀರು ಇಂಗದೆ ನಿಂತು ಬೆಳೆ ಕೊಳೀತದೆ. ಬೇಸಿಗೆಯಲ್ಲಿ ಒಡ್ಡು ಬಿರುಕು ಬಿಟ್ಟು ಮೊದಲ ದೊಡ್ಡ ಮಳೆಗೇ ಒಡೀತದೆ. ಅದರ ಬದಲು ನೂರಡಿಗೆ ಎರಡೂವರೆಯಿಂದ ಐದಂಗುಲ ಇಳುಕಲು ಕೊಟ್ಟರೆ ಹೆಚ್ಚಿನ ನೀರು ಮಣ್ಣು ಕೊಚ್ಚದೆ ಮೆಲ್ಲಗೆ ಕೋಡಿ ಕಡೆ ನಡೀತದೆ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಕಾಣೋ ಸೀಮೆಗೆ ಇದಕ್ಕಿಂತ ಬೆಲೆಬಾಳೋ ಮಾತು ಇನ್ನೊಂದಿಲ್ಲ.

"ಹಂಗಾದ್ರೆ ಲೇಸರ್ ತರಿಸಿ ಪೂರ್ತಿ ಸಪಾಟು ಮಾಡಿಸಿಬಿಡ್ಲಿ?" ಅಂದರು ಅವರು. ಲೇಸರ್ ಲೆವೆಲರ್ ಬಲು ಚಂದ ಕೆಲಸ ಮಾಡುತ್ತದೆ, ಗಂಗಾವತಿ, ಸಿಂಧನೂರು ಕಡೆ ನೀರು ನಿಲ್ಲಬೇಕಾದ ಭತ್ತದ ಗದ್ದೆಗೆ ಅದೇ ಸರಿ. ನಮ್ಮ ಇಳಿಜಾರು ಹೊಲಕ್ಕೆ ಏನಾಗುತ್ತೆ ಅಂತ ಅಲ್ಲೇ ಅಳೆದೆವು. ಗೌಂಡಿಯೊಬ್ಬರ ನೀರಿನ ಪೈಪು ತಂದು ಮೇಲಿನ ಗೂಟದಿಂದ ಕೆಳಗಿನ ಗೂಟಕ್ಕೆ ತುಂಡು ತುಂಡಾಗಿ ಮಟ್ಟ ಹಿಡಿದೆವು. 200 ಅಡಿಗೆ 3 ಅಡಿ ಇಳಿತ ಬಂತು. ಸಪಾಟು ಮಾಡಬೇಕಾದರೆ ಮೇಲಿನ ತುದಿಯಲ್ಲಿ ಒಂದೂವರೆ ಅಡಿ ಕಡೀಬೇಕು. ಸಲಿಕೆಯಿಂದ ಅಲ್ಲೇ ಒಂದು ಗುಂಡಿ ತೋಡಿ ನೋಡಿದರೆ ಮಸಾರಿ ಇರೋದು ಒಂದು ಗೇಣು, ಅದರ ಕೆಳಗೆ ಗರಸು.

ಅವರು ಗುಂಡಿಯನ್ನು ಸ್ವಲ್ಪ ಹೊತ್ತು ನೋಡಿ, ಅದೇ ಮಣ್ಣನ್ನು ಕಾಲಿನಿಂದ ಒಳಗೆ ಸರಿಸಿ ಮುಚ್ಚಿದರು. ಈ ವರ್ಷ ಕೃಷಿ ಯಂತ್ರಧಾರೆಯಲ್ಲಿ ಹಿಂದಿನ ಬ್ಲೇಡು ಬಾಡಿಗೆಗೆ ಸಿಕ್ಕರೆ ತಂದು ನೋಡೋದು, ಕೆಲಸ ಕಂಡ ಮೇಲೆ ಕೊಳ್ಳೋದು ಅಂತ ಮಾತಾಯಿತು. ನಾಳೆ ಬಿಸಿಲೇರೋ ಮುಂಚೆ ಒಡ್ಡಿನ ಗೆರೆಗೆ ಗೂಟ ಹೊಡೀಬೇಕು. ಸುಣ್ಣದ ಪುಡಿ ಅವರು ತರ್ತಾರೆ, ಗೂಟ ನನ್ನವು.