ಐನೂರು ರೂಪಾಯಿ ಮೈಲಿಗೆ

ನಮ್ಮ ಹಳ್ಳಿಗಳಲ್ಲಿ ಅಸ್ಪೃಶ್ಯತೆ ಇಲ್ಲ. ನಂಬಿಕೆ ಬರದಿದ್ದರೆ ಯಾವ ಊರಿಗಾದರೂ ಹೋಗಿ, ಅರಳಿಕಟ್ಟೆಯ ಮೇಲೆ ಕೂತವರನ್ನು ಕೇಳಿ. "ಅಯ್ಯೋ, ಅದೆಲ್ಲ ಯಾವ ಕಾಲದ ಮಾತು ಸ್ವಾಮಿ? ನಮ್ಮೂರಾಗೆ ಎಲ್ಲಾ ಅಣ್ತಮ್ಮಂದಿರ ಥರಾ ಇದೀವಿ" ಅನ್ನುತ್ತಾರೆ. ಇದೇ ಪ್ರಶ್ನೆಯನ್ನು ಕೇರಿಯವರನ್ನೂ ಕೇಳಬೇಕು ಅನ್ನಿಸಿದರೆ ಮಾತ್ರ ನೀವು ಕಟ್ಟೆ ಇಳಿದು ಅಷ್ಟು ದೂರ ನಡೆಯಬೇಕು. ಆ ತಮ್ಮಂದಿರು ಕಟ್ಟೆಯ ಮೇಲೆ ಸಿಗುವುದಿಲ್ಲ.

ಇಲ್ಲದ ಈ ರೋಗಕ್ಕೆ ನಾವು ಅರೆದ ಮದ್ದಿಗೆ ಲೆಕ್ಕವಿಲ್ಲ. ಮೈಸೂರು ಸಂಸ್ಥಾನ 1943ರಲ್ಲೇ ಒಂದು ಕಾಯ್ದೆ ಮಾಡಿತು, 1948ರಲ್ಲಿ ದೇವಸ್ಥಾನದ ಬಾಗಿಲು ತೆರೆಯಲು ಇನ್ನೊಂದು. ಮುಂಬಯಿ ಪ್ರಾಂತ್ಯಕ್ಕೆ ಅದರದೇ ಕಾಯ್ದೆ, ಹೈದರಾಬಾದಿಗೆ ಅದರದೇ, ಪುಟ್ಟ ಕೊಡಗಿಗೂ 1949ರಲ್ಲಿ ಎರಡು. 1955ರಲ್ಲಿ ಸಂಸತ್ತು 'ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ' ತಂದು ಇವನ್ನೆಲ್ಲ ಒಂದೇ ಗಂಟು ಕಟ್ಟಿತು. ಹೀಗೆ ಕರ್ನಾಟಕ ಏಕೀಕರಣಕ್ಕಿಂತ ಒಂದು ವರ್ಷ ಮೊದಲೇ ನಮ್ಮ ಮೈಲಿಗೆಯ ಕಾನೂನು ಏಕೀಕರಣವಾಯಿತು. ಮೈಲಿಗೆಯ ಏಕೀಕರಣ ಅದಕ್ಕೂ ಬಹಳ ಮೊದಲೇ ಆಗಿತ್ತು. ಬೀದರಿನಿಂದ ಚಾಮರಾಜನಗರದವರೆಗೆ ಭಾಷೆಯ ಧಾಟಿ ಬದಲಾಗಬಹುದು, ಊಟ ಬದಲಾಗಬಹುದು. ಕೇರಿ ಊರ ಹೊರಗೇ ಇರುತ್ತದೆ.

ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿಯ ಕತೆಯೂ ಸ್ವಾರಸ್ಯವಾಗಿದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆ ಅದನ್ನು ಒಪ್ಪಿದಾಗ ಸಭಾಂಗಣದಲ್ಲಿ ಗಾಂಧೀಜಿಗೆ ಜಯಘೋಷ ಮೊಳಗಿತು. ಕರಡು ಬರೆಸಿದ ಅಂಬೇಡ್ಕರ್ ಅಲ್ಲೇ ಕೂತಿದ್ದರು. ಅಸ್ಪೃಶ್ಯತೆ ಅಂದರೇನು, ಅರ್ಥ ಕೊಡಬೇಡವೇ ಎಂದು ಸಭೆಯ ಸದಸ್ಯ ಕೆ.ಟಿ. ಷಾ ಅಂದೇ ತಕರಾರು ಎತ್ತಿದ್ದರು. ಅರ್ಥ ಕೊಡಲಿಲ್ಲ. ಸಂವಿಧಾನದಲ್ಲಿ ಆ ಪದ ಇವತ್ತಿಗೂ ಉದ್ಧರಣ ಚಿಹ್ನೆಗಳ ನಡುವೆ ಕೂತಿದೆ. ನಮ್ಮ ಮೈಸೂರು ಹೈಕೋರ್ಟೇ 1950ರ ದಶಕದಲ್ಲಿ ಆ ಚಿಹ್ನೆಗಳ ಮರ್ಮ ಬಿಡಿಸಿ ಹೇಳಿತು: ಇಲ್ಲಿ ಪದದ ನಿಘಂಟಿನ ಅರ್ಥ ಮುಖ್ಯವಲ್ಲ, ಈ ದೇಶದಲ್ಲಿ ಚರಿತ್ರೆಯುದ್ದಕ್ಕೂ ಬೆಳೆದು ಬಂದ ಆಚರಣೆ ಮುಖ್ಯ. ಸರಿಯಾದ ಮಾತೇ. ಮುಟ್ಟಬಾರದ ಪದವನ್ನೂ ಎರಡು ಕಡೆ ಚಿಮುಟ ಹಿಡಿದು ಎತ್ತಿದ್ದೇವೆ ಎಂಬುದು ಮಾತ್ರ ನನ್ನ ಅನುಮಾನ.

ಇನ್ನು ಬೆಲೆಯ ವಿಚಾರ. 1955ರ ಕಾಯ್ದೆ ಬಾವಿ, ನಲ್ಲಿ, ದೇವಸ್ಥಾನ, ಹೋಟೆಲು, ಹೋಟೆಲಿನ ಪಾತ್ರೆ, ಸ್ಮಶಾನ ಎಂದು ಒಂದನ್ನೂ ಬಿಡದೆ ಪಟ್ಟಿ ಮಾಡಿ, ಇಲ್ಲೆಲ್ಲ ತಡೆದವನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದಿತು. ಕೋರ್ಟು ಒಪ್ಪಿದರೆ ರಾಜಿಗೂ ಅವಕಾಶ. ಸಾವಿರಾರು ವರ್ಷದ ವ್ಯಾಜ್ಯ, ಸಂಜೆಯೊಳಗೆ ರಾಜಿ! 1976ರಲ್ಲಿ ಸರ್ಕಾರಕ್ಕೆ ಸಿಟ್ಟು ಬಂತು. ಕಾಯ್ದೆಯ ಹೆಸರನ್ನು 'ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ' ಎಂದು ಬದಲಿಸಿತು, ರಾಜಿ ತೆಗೆದುಹಾಕಿತು, ಕನಿಷ್ಠ ಒಂದು ತಿಂಗಳ ಸಜೆ ಕಡ್ಡಾಯ ಮಾಡಿತು. ದಂಡ? ಕನಿಷ್ಠ 100, ಗರಿಷ್ಠ ಅದೇ 500. ಅಂದಿನಿಂದ ಬಸ್ ಚಾರ್ಜು ಏರಿದೆ, ಈರುಳ್ಳಿ ಏರಿದೆ, ಶಾಸಕರ ಸಂಬಳ ಏರಿದೆ. ಮೊದಲ ಸಲ ಮೈಲಿಗೆ ಮಾಡಿದವನ ದಂಡ ಮಾತ್ರ ಏರಿಲ್ಲ. ಬೆಲೆಯೇರಿಕೆ ಮುಟ್ಟದ ಏಕೈಕ ಸರಕು ಇದು.

ಹಳ್ಳಿಯ ಪಂಚಾಯ್ತಿಕಟ್ಟೆ ಇಷ್ಟು ಜಿಪುಣ ಅಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಎರಡು ವರ್ಷದ ಮಗುವೊಂದು ತನ್ನ ಹುಟ್ಟುಹಬ್ಬದ ದಿನ ಅಪ್ಪನ ಕೈ ತಪ್ಪಿಸಿಕೊಂಡು ಗುಡಿಯೊಳಗೆ ಓಡಿತು. ಶುದ್ಧಿಗೆಂದು ದೊಡ್ಡವರು ಕೇಳಿದ ದಂಡ 25,000 ರೂಪಾಯಿ. ಮರುವರ್ಷ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಹುಡುಗನೊಬ್ಬ ದೇವರ ಮೆರವಣಿಗೆಯ ಕೋಲು ಮುಟ್ಟಿದ, ದಂಡ 60,000. ಲೆಕ್ಕ ಹಾಕಿ ನೋಡಿ. ಮುಟ್ಟಬೇಡ ಅಂದವನಿಗೆ ಸರ್ಕಾರ ಹಾಕುವುದು 500, ಮುಟ್ಟಿದವನಿಗೆ ಊರು ಹಾಕುವುದು 60,000. ಸರ್ಕಾರದ ದಂಡಕ್ಕೆ ಎಫ್‌ಐಆರ್, ಚಾರ್ಜ್‌ಶೀಟು, ಸಾಕ್ಷಿ, ವಾಯಿದೆ ಎಲ್ಲ ಬೇಕು. ಊರಿನ ದಂಡಕ್ಕೆ ಒಂದು ಕೆಮ್ಮು ಸಾಕು. ಯಾವ ಕಾನೂನಿಗೆ ಜನ ಹೆದರುತ್ತಾರೆ ಎಂದು ತಿಳಿಯಲು ಎಲ್‌ಎಲ್‌ಬಿ ಓದಬೇಕಿಲ್ಲ. ಎರಡೂ ಊರಿಗೆ ಆಮೇಲೆ ಪೊಲೀಸರು ಬಂದರು, ಅಧಿಕಾರಿಗಳು ಬಂದರು ಅನ್ನಿ. ಬರುವುದಕ್ಕೆ ಮೊದಲು ಸುದ್ದಿ ಊರು ದಾಟಬೇಕಾಯಿತು.

ಮಡಿಗೆ ತಂತ್ರಜ್ಞಾನದ ಮೇಲೆ ದ್ವೇಷವಿಲ್ಲ ಎಂಬುದನ್ನೂ ಮೆಚ್ಚಬೇಕು. ನಮ್ಮ ರಾಜ್ಯದ ಒಂದು ಊರಿನಲ್ಲಿ ಹೊಸದಾಗಿ ಕೊರೆದ ಕೊಳವೆಬಾವಿಯ ನೀರಿಗೆ ಬಂದ ದಲಿತರನ್ನು ಬಂದೂಕು ತೋರಿಸಿ ತಡೆದರು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಟ್ಟಿತು, ಕೊನೆಗೆ 1992ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಖಾಯಂ ಮಾಡಿತು. ಒಂದು ಬಿಂದಿಗೆ ನೀರು ದಿಲ್ಲಿಗೆ ಹೋಗಿ ಬರಬೇಕಾಯಿತು.

ಹೋಟೆಲಿನ ಲೋಟದ ಪ್ರಗತಿಯಂತೂ ಇನ್ನೂ ದೊಡ್ಡದು. ಮೊದಲು ತೆಂಗಿನ ಚಿಪ್ಪು. ಆಮೇಲೆ ಸೂರಿಗೆ ಸಿಕ್ಕಿಸಿದ ಅಲ್ಯುಮಿನಿಯಂ ಲೋಟ. ಕುಡಿದವನೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. ಚಹಾ ಮೇಲಿನಿಂದ ಬೀಳುತ್ತಿತ್ತು, ಕಾಸು ಕಲ್ಲಿನ ಮೇಲೆ ಇಡಬೇಕಿತ್ತು. ಈಗ ಸೂರಿನಲ್ಲಿ ಲೋಟ ಹುಡುಕಿ, ಸಿಗುವುದಿಲ್ಲ. ಪೇಪರ್ ಕಪ್ ಬಂದಿದೆ. ಒಳಗಿನ ಬೆಂಚಿನವರಿಗೆ ಸ್ಟೀಲು, ಹೊರಗಿನವರಿಗೆ ಪೇಪರ್ರು. "ಇದೇನಣ್ಣಾ?" ಅಂದರೆ, "ಕ್ಲೀನ್ ಇರ್ಲಿ ಅಂತ ಸಾರ್!" ಸಂಸತ್ತು ಎರಡು ಕಾಯ್ದೆ ಮಾಡಿ ಅಳಿಸಲಾಗದ ಎರಡು ಲೋಟದ ಪದ್ಧತಿಯನ್ನು ನೂರು ಕಪ್ಪಿನ ಒಂದು ಪ್ಯಾಕೆಟ್ಟು ಅಳಿಸಿಬಿಟ್ಟಿತು. ತೊಳೆಯುವ ಕೆಲಸವೂ ಉಳಿಯಿತು, ಸಾಕ್ಷಿಯೂ ತಿಪ್ಪೆಗೆ ಹೋಯಿತು.

ಕ್ಷೌರದಂಗಡಿಗೆ ಮಂಗಳವಾರ ರಜೆ ಎಂಬುದು ಎಲ್ಲರಿಗೂ ಗೊತ್ತು. ಕೆಲವು ಊರುಗಳಲ್ಲಿ ಕೇರಿಯ ಹುಡುಗ ತಿರುವಿನಲ್ಲಿ ಕಾಣಿಸಿದ ಕೂಡಲೇ ಮಂಗಳವಾರ ಆಗುತ್ತದೆ. ಷಟರ್ ಎಳೆಯುವವನನ್ನು ಬೈದು ಫಲವಿಲ್ಲ; ಅವನ ಕತ್ತರಿ ಅವನ ಕೈಯಲ್ಲಿದೆ, ಅವನ ಹೊಟ್ಟೆ ಕಟ್ಟೆಯ ಮೇಲಿನವರ ಕೈಯಲ್ಲಿದೆ. ಹೋಟೆಲು, ಕ್ಷೌರದಂಗಡಿಗಳ ಇಂಥದೇ ತಕರಾರು ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲಿಗೆ ಬೆಂಕಿಯಾಯಿತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ವಿಧಿಸಿತು. ದೇಶವೇ ಹುಬ್ಬೇರಿಸಿತು. ಮರುತಿಂಗಳು ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನೂ ಸಿಕ್ಕಿತು.

500 ರೂಪಾಯಿ ಸಾಲದು ಎಂದು 1989ರಲ್ಲಿ ಬಂದದ್ದು ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ. ಇದಕ್ಕೆ ಹಲ್ಲಿದೆ. ಅದಕ್ಕೇ ಅದು ಹುಟ್ಟಿದಾಗಿನಿಂದ ಕಟ್ಟೆಯ ಮೇಲಿನವರು ಅದಕ್ಕೊಂದು ಅಡ್ಡಹೆಸರಿಟ್ಟಿದ್ದಾರೆ: 'ದುರುಪಯೋಗ'. ಉಪಯೋಗ ಆಗುವುದಕ್ಕೆ ಮೊದಲೇ ದುರುಪಯೋಗವಾಗುವ ಕಾಯ್ದೆ ನಮ್ಮ ದೇಶದಲ್ಲಿ ಇದೊಂದೇ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೂ ಹಾಗೇ ಅನ್ನಿಸಿ, ಬಂಧನಕ್ಕೆ ಮೊದಲು ಅನುಮತಿ ಪಡೆಯಬೇಕು ಎಂದಿತು. ಜನ ಬೀದಿಗಿಳಿದ ಮೇಲೆ ಸಂಸತ್ತು ಆಗಸ್ಟ್‌ನಲ್ಲಿ ಆ ಷರತ್ತು ಕಿತ್ತುಹಾಕಿತು. ಜಾತಿ ಹಿಡಿದು ಬೈದರೂ ಅಷ್ಟೆ. ನಾಲ್ಕು ಜನರ ಕಣ್ಣೆದುರು ಬೈದಿರಬೇಕು. ನಾಲ್ಕು ಗೋಡೆಗಳ ನಡುವೆ, ಹೊರಗಿನವರಿಲ್ಲದಾಗ ಬೈದರೆ ಈ ಕಾಯ್ದೆ ಅನ್ವಯಿಸದು ಎಂದು 2020ರಲ್ಲಿ ತೀರ್ಪಾಯಿತು. ಅವಮಾನಕ್ಕೂ ಪ್ರೇಕ್ಷಕರು ಬೇಕು.

ಪ್ರೇಕ್ಷಕರಿದ್ದರೆ ಆಯಿತೇ? 2000ದ ಮಾರ್ಚ್ 11ರ ರಾತ್ರಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಒಬ್ಬೊಬ್ಬರಾಗಿ ಪ್ರತಿಕೂಲರಾದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇಲ್ಲಿ ವ್ಯಂಗ್ಯ ಮಾಡಲು ನನ್ನ ಹತ್ತಿರ ಏನೂ ಇಲ್ಲ. ಏಳು ಜನ ಸತ್ತರು, ಸುಟ್ಟವರು ಯಾರೂ ಇಲ್ಲ. ಕಾಗದದ ಮೇಲೆ ಇರುವುದು ಇಷ್ಟೇ.

ಮಿಯಾಪುರದ ಗುಡಿಗೆ ಮತ್ತೊಮ್ಮೆ ಹೋಗೋಣ. ಆ ದಿನ ಮಗುವಿಗೆ ಎರಡು ವರ್ಷ, 1955ರ ಕಾಯ್ದೆಗೆ ಅರವತ್ತಾರು. ಇಬ್ಬರಲ್ಲಿ ಹೊಸ್ತಿಲು ದಾಟಿದ್ದು ಮಗು ಮಾತ್ರ.