ಬಾಲಂಗೋಚಿ ಮೀಮಾಂಸೆ

ಗಾಳಿಪಟಕ್ಕೆ ಬಾಲಂಗೋಚಿ ಬೇಕೆಂಬುದನ್ನು ಚಿತ್ರದುರ್ಗದ ಗಾಳಿಯಲ್ಲಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ಕಾದಂಬರಿಗೂ ಅದು ಬೇಕೆಂಬುದೇ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಲಕ್ಷಣ ಹೀಗೆ: ಒಬ್ಬರು ಬರೆದು ಮುಗಿಸಿದ ಕಾದಂಬರಿಗೆ, ಅದು ಮುಗಿಯಿತೆಂದು ಒಪ್ಪಲಾರದ ಇನ್ನೊಬ್ಬರು, ಯಾರೂ ಕೇಳದಿದ್ದರೂ, ಬಿಡಿಗಾಸಿನ ಆಸೆಯಿಲ್ಲದೆ ಕಟ್ಟುವ ಬಾಲವೇ ಬಾಲಂಗೋಚಿ ಸಾಹಿತ್ಯ. ಇಂಗ್ಲಿಷಿನವರು ಇದನ್ನು ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಫ್ಯಾನ್ ಎಂದರೆ ನಮ್ಮಲ್ಲಿ ಕರೆಂಟು ಹೋದಾಗ ನಿಲ್ಲುವ ವಸ್ತುವಾದ್ದರಿಂದ ಆ ಹೆಸರನ್ನು ಇಲ್ಲಿ ಕೈಬಿಡಲಾಗಿದೆ.

ಇದು ಹೊಸ ರೋಗವಲ್ಲ. ವ್ಯಾಸರು ಮುಗಿಸಿದ ಅಶ್ವಮೇಧದೊಳಕ್ಕೆ ಚಂದ್ರಹಾಸನನ್ನು ನುಗ್ಗಿಸಿದವನು ಜೈಮಿನಿ. ದೇವನೂರಿನ ಲಕ್ಷ್ಮೀಶ ಅದನ್ನೇ ಕನ್ನಡದಲ್ಲಿ ಹಾಡಿದ. ಎಡ್ಗರ್ ಅಲನ್ ಪೋ 1838ರಲ್ಲಿ ದಕ್ಷಿಣ ಧ್ರುವದ ಹತ್ತಿರ ಅರ್ಧಕ್ಕೇ ಬಿಟ್ಟ ಕಥೆಯನ್ನು ತಾಳಲಾರದೆ, ಜೂಲ್ಸ್ ವರ್ನ್‌ನಂಥ ಜೂಲ್ಸ್ ವರ್ನನೇ 1897ರಲ್ಲಿ ಅದನ್ನು ಮುಂದುವರಿಸಿದ. ಎಚ್.ಜಿ. ವೆಲ್ಸ್‌ನ ಮಂಗಳ ಗ್ರಹದವರು ಪುಸ್ತಕವಾಗಿ ಬಂದದ್ದು 1898ರಲ್ಲಿ. ಅದೇ ವರ್ಷ ಅಮೆರಿಕದ ಗ್ಯಾರೆಟ್ ಸರ್ವಿಸ್ ಎಂಬಾತ ಎಡಿಸನ್ ಸಾಹೇಬರನ್ನು ಸೈನ್ಯಸಮೇತ ಮಂಗಳಕ್ಕೆ ಅಟ್ಟಿ ಸೇಡು ತೀರಿಸಿದ.

ನಮ್ಮ ಜಿಲ್ಲೆಯಂತೂ ಈ ಶಾಸ್ತ್ರದ ತವರು. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಜಟಾಯು ರಾವಣನ ವಿಮಾನವನ್ನು ಅಡ್ಡಗಟ್ಟಿ ಬಿದ್ದನೆಂದು ಐತಿಹ್ಯ. ಇದು ಮೂಲ. ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ 2024ರ ಮಾರ್ಚ್ 22ರಂದು, 4.5 ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಟ್ಟ ಇಸ್ರೋದ ರೆಕ್ಕೆ ವಾಹನ ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಇಳಿಯಿತು. ಹೆಸರು ಪುಷ್ಪಕ್. ಇದು ಬಾಲಂಗೋಚಿ. 2023ರ ಏಪ್ರಿಲ್ 2 ಮತ್ತು 2024ರ ಜೂನ್ 23ರ ಪ್ರಯೋಗಗಳೂ ಸೇರಿದರೆ ತ್ರಿವಳಿ ಸಂಪುಟ. ಮೂರರಲ್ಲೂ ಹದ್ದಿನ ಪಾತ್ರ ಬಿಟ್ಟುಹೋದದ್ದು ಕಥೆಯ ದೃಷ್ಟಿಯಿಂದ ದೋಷ, ವಿಮೆಯ ದೃಷ್ಟಿಯಿಂದ ಗುಣ.

ಈಗ ಆಕರ. ಹೊಳಲ್ಕೆರೆಯ ನನ್ನ ಅಕ್ಕನ ಮಗ 200 ಪುಟದ ನೋಟ್‌ಬುಕ್ಕಿನಲ್ಲಿ ಬರೆದು, ಅಡಿಕೆ ಚೀಲದೊಳಗಿಟ್ಟು ಕಳಿಸಿದ ಹಸ್ತಪ್ರತಿ (ಏಕೈಕ ಪ್ರತಿ, 17ನೇ ಪುಟದಲ್ಲಿ ಚಿತ್ರಾನ್ನದ ಅರಿಶಿನ). “ಮಾಮ, ನಿಮ್ಗೆ ಆ ಮಂಗಳದೋರ ಕಥೆ ಅಂದ್ರೆ ಪ್ರಾಣ ಅಲ್ವಾ, ಅದ್ಕೇ” ಎಂಬುದಷ್ಟೇ ಅರ್ಪಣೆ. ವೆಲ್ಸ್ ತನ್ನವರನ್ನು ಇಳಿಸಿದ್ದು ಹಾರ್ಸೆಲ್ ಎಂಬಲ್ಲಿನ ಗೋಮಾಳದಲ್ಲಿ. ನಮ್ಮ ಹುಡುಗ ಚಳ್ಳಕೆರೆಯ ಅಮೃತಮಹಲ್ ಕಾವಲಿಗೆ ಇಳಿಸಿದ. ಅಲ್ಲಿ ಡಿಆರ್‌ಡಿಒ, ಬಾರ್ಕ್, ಇಸ್ರೋ, ಐಐಎಸ್‌ಸಿಗಳು ಆಗಲೇ ಜಾಗ ಹಿಡಿದು ಗೋಡೆ ಎಬ್ಬಿಸಿದ್ದರಿಂದ, ಕುರಿಗಳ ಜೊತೆ ಮಂಗಳದವರೂ ಹೊರಗೇ ನಿಂತರು. ಮೂರು ಕಾಲಿನ ಯಂತ್ರ ಓಡಿಸಿಕೊಂಡು ಜೋಗಿಮಟ್ಟಿ ಕಡೆ ಬಂದರೆ ಗುಡ್ಡಗಳ ನೆತ್ತಿಯ ಮೇಲೆ ಮೂರು ರೆಕ್ಕೆಯ ಗಾಳಿಯಂತ್ರಗಳ ಸಾಲು. ತಮ್ಮ ಕುಲದ ಹಿರಿಯರು ಶೀರ್ಷಾಸನ ಹಾಕಿದ್ದಾರೆಂದು ತಿಳಿದು ಮೂರು ದಿನ ಕೈಮುಗಿದು ಕಾದರು.

ವೆಲ್ಸ್‌ನಲ್ಲಿ ಅವರು ಸೂಕ್ಷ್ಮಾಣು ತಗುಲಿ ಸಾಯುತ್ತಾರೆ. ಇಲ್ಲಿ ಸಾಯುವುದಿಲ್ಲ. ನೀರು ಹುಡುಕುತ್ತ ಮಾರಿಕಣಿವೆಗೆ ಹೋಗಿ, 1933ರಿಂದೀಚೆಗೆ ಕೋಡಿಯನ್ನೇ ಕಾಣದ ವಾಣಿವಿಲಾಸ ಸಾಗರವನ್ನು ನೋಡಿ, ‘ನಮ್ಮೂರೂ ಹಿಂಗೇ’ ಎಂದು ಅತ್ತು, ಹಿರಿಯೂರಿನಲ್ಲೇ ಉಳಿದುಬಿಡುತ್ತಾರೆ. 89 ವರ್ಷದ ಮೇಲೆ, 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ನೋಡಲು ನೆರೆದ ಜಂಗುಳಿಯಲ್ಲಿ ಅವರೂ ಇದ್ದರಂತೆ. ಹಿಂದೆ ನಿಂತವರಿಗೆ ಏನೂ ಕಾಣಲಿಲ್ಲವೆಂಬುದೊಂದೇ ಅವರ ಮೇಲಿದ್ದ ದೂರು.

ರಸವಿಚಾರ. ಇದನ್ನು ಪಡೆದಾಗ ಆಗುವ ಆನಂದ ನವರಸಗಳಲ್ಲಿ ಯಾವುದಕ್ಕೂ ಒಗ್ಗದ ಕಾರಣ ಹತ್ತನೆಯದೊಂದನ್ನು ಮಂಡಿಸುತ್ತಿದ್ದೇನೆ. ನೋಟ್‌ಬುಕ್ಕು ವಿಭಾವ. ಓದುತ್ತ ನಿಂತು, ಒಲೆಯ ಮೇಲಿನ ಹಾಲು ಉಕ್ಕಿ, ಬೈಸಿಕೊಳ್ಳುವುದು ಅನುಭಾವ. ಶೀರ್ಷಾಸನ ನನಗೇಕೆ ಹೊಳೆಯಲಿಲ್ಲವೆಂಬ ಹೊಟ್ಟೆಕಿಚ್ಚು ಸಂಚಾರಿ. ಸ್ಥಾಯಿಭಾವವನ್ನು ಪತ್ತೆಹಚ್ಚಲು ಅವನಿಗೆ ಫೋನ್ ಮಾಡಬೇಕಾಯಿತು. ಅವನು ವೆಲ್ಸ್‌ನನ್ನು ಒಂದು ಪುಟವೂ ಓದಿಲ್ಲ! ಅಡಿಕೆ ಸುಲಿಯುವ ರಾತ್ರಿಗಳಲ್ಲಿ, ನಿದ್ದೆ ಬಾರದಿರಲೆಂದು ನಾನು ಹೇಳುತ್ತಿದ್ದುದನ್ನು ಜಗಲಿಯ ಮೂಲೆಯಲ್ಲಿ ಕೂತು ಕೇಳಿದ್ದಷ್ಟೆ. ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ನಾನು ಅಂದುಕೊಂಡಿದ್ದೆ.

ಪೂರ್ವಪಕ್ಷ: ಮೂಲಕರ್ತನಿಗೆ ನೋವಾಗದೆ? ಆಗಬಹುದು. ತ.ರಾ.ಸು. ಅವರ ಮೂರು ಕಾದಂಬರಿ ಬೆಸೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ‘ನಾಗರಹಾವು’ ನೋಡಿ, ನಾಗರಹಾವು ಕೇರೆಹಾವಾಯಿತೆಂದು ಕಾದಂಬರಿಕಾರರು ಬೇಸರಪಟ್ಟರೆಂಬ ಮಾತು ದುರ್ಗದಲ್ಲಿ ಯಾರಿಗೆ ಗೊತ್ತಿಲ್ಲ! ವೆಲ್ಸ್ 1946ರಲ್ಲೇ ತೀರಿಕೊಂಡಿರುವುದರಿಂದ ನಮಗೆ ಆ ಭಯವಿಲ್ಲ.

ಹಸ್ತಪ್ರತಿಯ ಕೊನೆಯ 11 ಪುಟ ಖಾಲಿ. ನಿನ್ನೆಯಿಂದ ನಾನೇ ತುಂಬಿಸುತ್ತಿದ್ದೇನೆ. ಮಂಗಳದವರು ತೆಂಗಿನ ತೋಟ ನೋಡಲು ಹಿರಿಯೂರಿನಲ್ಲಿ ಹೊಸದುರ್ಗದ ಬಸ್ಸು ಹತ್ತಿದ್ದಾರೆ, ಬರಹ ಅಲ್ಲಿಗೆ ನಿಂತಿದೆ. ಮೂರು ಕಾಲಿನ ಯಂತ್ರಕ್ಕೆ ಲಗೇಜು ಹರಿಯಬೇಕೋ, ಒಂದೂವರೆ ಟಿಕೆಟ್ಟು ಹರಿಯಬೇಕೋ, ಬಲ್ಲ ಕಂಡಕ್ಟರುಗಳು ದಯವಿಟ್ಟು ತಿಳಿಸಬೇಕು.